ಮೂರು ಸಾವಿರನೇ ಇಸವಿಯ ಹೀರೋ

ಸಿನಿಮಾದ ಕತೆ ಕೇಳಿ ಮುಗಿಸುವಷ್ಟರಲ್ಲಿ ರಂಗನಟ ಮಾದೇಶನ ಪಿತ್ತ ನೆತ್ತಿಗೇರಿತ್ತು.

"ಯಾವುದೋ ಗ್ರಹ, ಮೂರು ಸಾವಿರನೇ ಇಸವಿ ಅಂತೀರಿ. ಅಲ್ಲೂ ವಿಲನ್ ಕಪ್ಪಗೇ ಇರಬೇಕಾ? ಅಲ್ಲೂ ಕುಂಟಲೇಬೇಕಾ?" ಎಂದು ನಿರ್ದೇಶಕನ ಮೇಜು ಗುದ್ದಿದ. "ನನ್ನ ಬಣ್ಣ, ಈ ಪೋಲಿಯೊ ಕಾಲು ನೋಡಿ ತಾನೇ ಕರೆಸಿದ್ದು? ನಾಟಕದಲ್ಲಿ ರಾಕ್ಷಸ, ಸಿನಿಮಾದಲ್ಲಿ ರೌಡಿ, ಈಗ ಅನ್ಯಗ್ರಹದ ಪಿಶಾಚಿ! ಸಾಕು ಸ್ವಾಮಿ, ನಿಮ್ಮ ಪಾತ್ರ ನೀವೇ ಇಟ್ಕೊಳ್ಳಿ."

ಊರುಗೋಲು ಎತ್ತಿಕೊಂಡು ಹೊರಟವನನ್ನು ನಿರ್ದೇಶಕ ಓಡಿಬಂದು ತಡೆದ. ಅವನ ಕಣ್ಣು ಒದ್ದೆಯಾಗಿತ್ತು.

"ಕಪಾಳಕ್ಕೆ ಹೊಡೆದ ಹಾಗೆ ಹೇಳಿದ್ರಿ ಸಾರ್. ತಪ್ಪು ನಮ್ಮದೇ. ಇನ್ಮೇಲೆ ಈ ಕತೇಲಿ ಹೀರೋನೇ ಕಪ್ಪು, ಹೀರೋನೇ ಕುಂಟ. ಕೂತ್ಕೊಳ್ಳಿ, ನೀವಿಲ್ಲದೆ ಈ ಸಿನಿಮಾ ಆಗೋದೇ ಇಲ್ಲ."

ಮಾದೇಶನ ಇಷ್ಟು ವರ್ಷದ ಸಿಟ್ಟೆಲ್ಲ ಕರಗಿದಂತಾಗಿ, ಊರುಗೋಲನ್ನು ಗೋಡೆಗೆ ಒರಗಿಸಿ ಮೆಲ್ಲಗೆ ಕೂತ.

ನಿರ್ದೇಶಕ ಆಗಲೇ ಫೋನನ್ನು ಕಿವಿಗಿಟ್ಟುಕೊಂಡಿದ್ದ.

"ಹೀರೋ ಸಾರ್, ನಾಳೆಯಿಂದ ನಿಮ್ಮ ಮೈಗೆಲ್ಲ ಕಪ್ಪು ಬಣ್ಣ ಬಳೀತೀವಿ. ಕುಂಟೋದು ಹೇಗೆ ಅಂತ ಯೋಚನೆ ಮಾಡ್ಬೇಡಿ, ಕಲಿಸೋಕೆ ಒಳ್ಳೇ ಮೇಷ್ಟ್ರು ಸಿಕ್ಕಿದ್ದಾರೆ."