ತೊಂಬತ್ತು ಅಡಿ

ಎಲ್ಲಾದರೂ ಮನೆಯ ಪಾಯಕ್ಕೆ ಗುರುತು ಹಾಕುವಾಗ ಸುಣ್ಣದ ಪುಡಿಯ ಘಾಟು ಮೂಗಿಗೆ ಬಡಿದರೆ, ಇವತ್ತಿಗೂ ನನಗೆ ಸುಂಕದಕಟ್ಟೆಯ ತಾತನ ಹೊಲ ನೆನಪಾಗುತ್ತದೆ.

ಅಕ್ಕ ಕಾಲೇಜಿನ ಬೇಸ್‌ಬಾಲ್ ತಂಡ ಸೇರಿದ್ದಳು. ರಾಗಿ ಕೊಯ್ದು ಖಾಲಿಯಾಗಿದ್ದ ಹೊಲದಲ್ಲಿ ಅಭ್ಯಾಸಕ್ಕೆಂದು ಮೈದಾನದ ಗೆರೆ ಹಾಕಲು ಹೊರಟು, ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಚೌಕದ ನಾಲ್ಕು ಮೂಲೆಗೆ ನಾಲ್ಕು ಬೇಸು, ಒಂದು ಬೇಸಿನಿಂದ ಇನ್ನೊಂದಕ್ಕೆ ತೊಂಬತ್ತು ಅಡಿ. ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ನಾಲ್ಕು ಬದಿ ಅಳೆದಾದ ಮೇಲೆ ಅಕ್ಕ ಮೂಲೆಯಿಂದ ಎದುರು ಮೂಲೆಗೂ ಟೇಪು ಎಳೆಸಿದಳು.

“ಎರಡು ಕಡೆನೂ ಒಂದೇ ಅಳತೆ ಬಂದ್ರೆ ಚೌಕ ಸರಿಯಾಗಿದೆ ಅಂತ ಕಣೇ.”

ಒಂದೇ ಬಂತು. ಅದು ಹೇಗೆಂದು ತಿಳಿಯದೆ ನಾನು ಮತ್ತೊಮ್ಮೆ ಅಳೆದೆ. ಆಮೇಲೆ ಇಬ್ಬರೂ ಸೇರಿ ನಾಲ್ಕೂ ಬದಿಗೆ ಸುಣ್ಣದ ಪುಡಿ ಉದುರಿಸಿದೆವು.

ಬಿಳಿ ಗೆರೆಗಳನ್ನು ಕಂಡು ರಸ್ತೆಯಲ್ಲಿ ಹೋಗುತ್ತಿದ್ದವರೊಬ್ಬರು ಸ್ಕೂಟರ್ ನಿಲ್ಲಿಸಿ, ಬದುವಿನ ಮೇಲೆ ಕೂತಿದ್ದ ತಾತನ ಹತ್ತಿರ ಬಂದರು.

“ಲೇಔಟ್ ಮಾಡ್ತಾ ಇದೀರಾ ಯಜಮಾನ್ರೇ? ಕಾರ್ನರ್ ಸೈಟ್ ಇದ್ಯಾ?”

“ಇಲ್ಲ ಸಾರ್, ಹುಡುಗೀರು ಆಟಕ್ಕೆ ಗೆರೆ ಹಾಕ್ಕೊಂಡವ್ರೆ.”

ಅವರು ಹೋದ ಮೇಲೆ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ತಾತ ನಗಲಿಲ್ಲ. ಪಂಚೆ ಎತ್ತಿ ಕಟ್ಟಿಕೊಂಡು ಬಂದು, ಗೆರೆಯ ಪಕ್ಕದಲ್ಲೇ ಕೊನೆಯವರೆಗೂ ನಡೆದರು.

“ಇಷ್ಟುದ್ದಕ್ಕೆ ಎಷ್ಟು ಸೈಟ್ ಕೂರ್ತವೆ ಮಗ?”

“ಥರ್ಟಿ ಫಾರ್ಟಿ ಆದ್ರೆ ಮೂರು ತಾತ,” ಎಂದೆ ಹೆಮ್ಮೆಯಿಂದ, ಬಾಯಿಲೆಕ್ಕದಲ್ಲೇ.

ತಾತ ಹೊಲದ ಆ ಕೊನೆಯವರೆಗೂ ಕಣ್ಣಾಡಿಸುತ್ತಾ ಬೆರಳು ಮಡಚಿ ಎಣಿಸಿದರು.

“ಸರಿ, ಈ ವರ್ಷ ಆಡ್ಕೊಳ್ಳಿ,” ಎಂದು ಹೇಳಿ, ಸುಣ್ಣದ ಗೆರೆಯನ್ನು ತುಳಿಯದಂತೆ ದಾಟಿ, ಮತ್ತೆ ಬದುವಿನ ಮೇಲೆ ಹೋಗಿ ಕೂತರು.