ಕಂದು ಉಂಗುರ

ಬಂದರಿನ ತಪಾಸಣೆ ಕೋಣೆಯಲ್ಲಿ, ತಪಾಸಣೆ ಅಧಿಕಾರಿಯಾಗಿದ್ದ ತಂಗಿ ಎರಡು ಹೋಳು ಮಾಡಿದ ಆಲೂಗಡ್ಡೆಯೊಳಗೆ ಕಂದು ಉಂಗುರ ಕಂಡಿತು. ಅದು ರೋಗದ ಗುರುತು. ಇಂಥದ್ದು ಒಂದೇ ಒಂದು ಸಿಕ್ಕರೂ ಅಣ್ಣನ ಲೋಡು ಹಡಗು ಹತ್ತುವಂತಿಲ್ಲ. ಊರಿನ ಪೇಟೆಯಲ್ಲೋ ಈ ಸಲ ಬೆಳೆ ಹೆಚ್ಚಾಗಿ ಆಲೂಗಡ್ಡೆಯನ್ನು ಕೇಳುವವರೇ ಇಲ್ಲ.

“ವರದೀಲಿ ಬರೀಲೇಬೇಕು ಅಣ್ಣ,” ಅಂದಳು.

“ಏನಂತ ಬರೀತೀಯೇ? ಎಲ್ಲಿದೆ ಗಡ್ಡೆ?” ಅಣ್ಣ ಎರಡೂ ಹೋಳನ್ನು ಸಿಪ್ಪೆಸಮೇತ ಬಾಯಿಗೆ ತುರುಕಿಕೊಂಡ. ಚಿಕ್ಕಂದಿನಲ್ಲಿ ಕದ್ದು ತಿಂದು ಸಿಕ್ಕಿಬಿದ್ದಾಗ ನಗುತ್ತಿದ್ದ ಹಾಗೇ ಕಣ್ಣಲ್ಲೇ ನಕ್ಕ. ತಂಗಿಗೂ ನಗು ತಡೆಯಲಾಗಲಿಲ್ಲ. ಪೆನ್ನು ಕೆಳಗಿಟ್ಟಳು.

ಅದೇ ಚೀಲದಿಂದ ಮುಂದಿನ ಗಡ್ಡೆ ತೆಗೆದು ಕೊಯ್ದಳು. ಅದರಲ್ಲೂ ಉಂಗುರ. ಅದರ ಮುಂದಿನದು. ಅದರಲ್ಲೂ. ಅಣ್ಣ ಅಗಿಯುತ್ತಿದ್ದ ಹಸಿ ಗಡ್ಡೆಯ ಕರಕರ ಸದ್ದು ನಿಂತಿತು. ಅಣ್ಣ ತುಂಬಿದ ಬಾಯಲ್ಲೇ ಪೆನ್ನೆತ್ತಿ ಅವಳ ಕೈಗೆ ಕೊಟ್ಟ.