ತಾರಸಿಯ ಕಂಬಿ

ಅಂಗಡಿಯ ವಗ್ದಿ ಒಂದು ಕಂಪ್ಯೂಟರಿನ ಪಕ್ಕದ ಮುಚ್ಚಳ ಕಳಚಿದ ಕೂಡಲೇ ಶಹಾತಾ ಮೇಸ್ತ್ರಿಯ ಸಿಮೆಂಟು ತಿಂದ ಹೆಬ್ಬೆರಳು ತಾನಾಗಿಯೇ ಒಳಗಿನ ಎರಡು ಖಾಲಿ ಸ್ಲಾಟುಗಳ ಮೇಲೆ ಹೋಗಿ ನಿಂತಿತು.

"ಮೆಮೊರಿ ಕೂರೋ ಜಾಗ ಅದು. ಎರಡು ತುಂಬಿದೆ, ಎರಡು ಖಾಲಿ. ಬೇಕಾದಾಗ ತಂದು ನೀವೇ ಸಿಕ್ಕಿಸ್ಕೋಬಹುದು," ಎಂದ ವಗ್ದಿ. ಪಕ್ಕದಲ್ಲಿದ್ದ ಅಂಗೈಯಗಲದ ಪುಟ್ಟ ಕಂಪ್ಯೂಟರ್ ತೋರಿಸಿ ಮೂಗು ಮುರಿದ. "ಇದು ಮಾತ್ರ ಬೇಡ. ಮೆಮೊರಿಗೆ ಒಳಗೇ ಬೆಸುಗೆ ಹಾಕ್ಬಿಟ್ಟಿದಾರೆ. ಇದ್ದಷ್ಟೇ, ನಾಳೆ ಒಂದು ಚೂರೂ ಸೇರ್ಸಕ್ಕಾಗಲ್ಲ. ನಿಮಗೆ ನಾನು ಹೇಳ್ಬೇಕಾ ಮೇಸ್ತ್ರಿಗಳೇ? ಈ ಮನ್ಸೂರಾದಲ್ಲಿ ತಾರಸಿ ಮೇಲೆ ಕಂಬಿ ಬಿಡದೆ ಒಂದಾದ್ರೂ ಮನೆ ಕಟ್ಟಿದೀರಾ? ಮಗನ ಮದುವೆಗೆ ಮೇಲಂತಸ್ತು ಏಳ್ಬೇಕಲ್ಲ!"

ಮೇಸ್ತ್ರಿ ನಗಲಿಲ್ಲ. ಇನ್ನೊಂದು ಕೈಯಿಂದ ತನ್ನ ಗಲಾಬಿಯ್ಯಾ ನಿಲುವಂಗಿಯ ಜೇಬಿನಲ್ಲಿದ್ದ ಪೆನ್‌ಡ್ರೈವನ್ನು ಮೇಲಿಂದಲೇ ಸವರಿಕೊಂಡ. ಮಗನ ಹಳೆಯ ಕಂಪ್ಯೂಟರ್ ಮನೆಯಲ್ಲಿ ಕೆಟ್ಟು ಕೂತಿತ್ತು; ಅದರಿಂದ ಉಳಿದು ಬಂದದ್ದು ಈ ಪೆನ್‌ಡ್ರೈವಿನಲ್ಲಿದ್ದ ಫೋಟೊಗಳಷ್ಟೇ.

"ಫೋಟೊ ನೋಡಕ್ಕೆ ಎಷ್ಟು ಮೆಮೊರಿ ಬೇಕು ಮಗಾ?" ಎಂದು ವಗ್ದಿಯನ್ನು ಕೇಳಿದ.

"ಅಷ್ಟಕ್ಕೇ ಆದ್ರೆ ಈ ಪುಟ್ಟದೇ ಹೆಚ್ಚಾಯ್ತು. ಆದ್ರೆ ನಾಳೆ ನಿಮ್ಮ ಮಗ ನಬೀಹ್ ಇನ್ನೂ ದೊಡ್ಡ ಕೆಲಸ ಮಾಡ್ತೀನಿ ಅಂದ್ರೆ? ಆಗ ಬಂದು ನನ್ನ ಬೈಬೇಡಿ."

ಶಹಾತಾ ಬೆರಳು ಹಿಂತೆಗೆದ. ಕಳಚಿಟ್ಟಿದ್ದ ಮುಚ್ಚಳವನ್ನು ತಾನೇ ಎತ್ತಿ, ಮಲಗಿದವರ ಮುಖದ ಮೇಲೆ ಬಟ್ಟೆ ಹೊದಿಸುವಷ್ಟು ಮೆಲ್ಲಗೆ ಅದರ ಜಾಗದಲ್ಲಿಟ್ಟ.

"ನಮ್ಮನೆ ತಾರಸಿ ಮೇಲಿನ ಕಂಬಿನೆಲ್ಲ ಮೊನ್ನೆ ನಾನೇ ಕೊಯ್ದು ಹಾಕ್ದೆ ಮಗಾ," ಎಂದ. "ಮೇಲಂತಸ್ತು ಬೇಕಿದ್ದವನೇ ಹೋಗ್ಬಿಟ್ಟ. ಇರೋ ಫೋಟೊ ಕಂಡ್ರೆ ಸಾಕು ಅಂತಾಳೆ ಅವನಮ್ಮ. ಆ ಬೆಸುಗೆ ಹಾಕಿರೋದನ್ನೇ ಕೊಡು."